ಯಾರು ಬೀಳುತ್ತಾರೆ, ಎಲ್ಲಿಂದ ಬೀಳುತ್ತಾರೆ?

1933ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಶುರುವಾಯಿತು. ಆ ಕಾಲದಲ್ಲಿ ಸೇತುವೆ ಕಟ್ಟುವವರ ನಡುವೆ ಒಂದು ಲೆಕ್ಕ ರೂಢಿಯಲ್ಲಿತ್ತು. ಖರ್ಚಾಗುವ ಪ್ರತಿ ಹತ್ತು ಲಕ್ಷ ಡಾಲರಿಗೆ ಒಂದು ಸಾವು. ಈ ಸೇತುವೆಯ ವೆಚ್ಚ ಸುಮಾರು ಮೂರೂವರೆ ಕೋಟಿ ಡಾಲರ್. ಅಂದರೆ 35 ಜನ. ಇನ್ನೂ ಒಂದು ಗೋಪುರವೂ ಮೇಲೇಳದ ಹೊತ್ತಿಗೇ ಸಾಯಲಿರುವವರ ಸಂಖ್ಯೆ ಲೆಕ್ಕಕ್ಕೆ ಸಿಕ್ಕಿತ್ತು. ಅವರ ಹೆಸರುಗಳು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಈ ಲೆಕ್ಕ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. ಹಿಂದೆ ಕಟ್ಟಿದ ಸೇತುವೆಗಳಲ್ಲಿ ಎಷ್ಟು ಹಣ ಹೋಯಿತು, ಎಷ್ಟು ಜೀವ ಹೋಯಿತು ಎಂಬ ಅನುಭವದಿಂದ ಹುಟ್ಟಿದ್ದು. ಇವತ್ತು ಕಂಪ್ಯೂಟರ್ ಮುಂದೆ ಕೂತು ಹಳೆಯ ದತ್ತಾಂಶದಿಂದ ಮುಂದಿನ ಅವಘಡವನ್ನು ಊಹಿಸುವವರು ಮಾಡುವ ಕೆಲಸದ ಒರಟು ರೂಪ ಇದೇ. ಊಹೆಯೇನೋ ಇತ್ತು, ಆದರೆ ಅದನ್ನು ಎಚ್ಚರಿಕೆ ಎಂದು ಯಾರೂ ಓದುತ್ತಿರಲಿಲ್ಲ. ಸಿಮೆಂಟು, ಉಕ್ಕು, ಸಾಗಣೆಯ ಹಾಗೆ ಸಾವೂ ಖರ್ಚಿನ ಪಟ್ಟಿಯ ಒಂದು ಬಾಬತ್ತು ಎಂದು ಒಪ್ಪಿಕೊಂಡಾಗಿತ್ತು.

ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಬಾಬತ್ತನ್ನು ಒಪ್ಪಲಿಲ್ಲ. ಗಣಿ ಕಾರ್ಮಿಕರ ಟೋಪಿಯನ್ನು ಮಾರ್ಪಡಿಸಿ ಮಾಡಿದ ಗಟ್ಟಿ ಹೆಲ್ಮೆಟ್ ಕಡ್ಡಾಯವಾಯಿತು. ಎತ್ತರದಲ್ಲಿ ಸಾಹಸ ತೋರಿಸಲು ಹೋದವರಿಗೆ ಕೆಲಸದಿಂದ ವಜಾ. ಎಲ್ಲಕ್ಕಿಂತ ಮುಖ್ಯವಾಗಿ, ಸೇತುವೆಯ ದಾರಿ ಕಟ್ಟುವಾಗ ಅದರ ಅಡಿಯಲ್ಲಿ ಉದ್ದಕ್ಕೂ ಹಗ್ಗದ ಬಲೆ ಕಟ್ಟಿಸಿದರು. 1,30,000 ಡಾಲರಿಗೂ ಹೆಚ್ಚು ಖರ್ಚು. ದೇಶ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಆ ದಿನಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಆ ಬಲೆಗೆ ಬಿದ್ದು ಬದುಕಿದವರು 19 ಜನ. ತಮ್ಮನ್ನು ತಾವು ‘ನರಕದ ಅರ್ಧದಾರಿಯ ಸಂಘ’ ಎಂದು ಕರೆದುಕೊಂಡರು.

ಕೆಲಸ ಶುರುವಾಗಿ ಮೂರು ವರ್ಷ ಒಂಬತ್ತು ತಿಂಗಳು ಒಂದೂ ಸಾವಿಲ್ಲ. 1936ರ ಅಕ್ಟೋಬರ್ 21ರಂದು ಮೊದಲ ಸಾವು. 1937ರ ಫೆಬ್ರವರಿ 17ರಂದು ಹನ್ನೆರಡು ಜನ ನಿಂತಿದ್ದ ಒಂದು ಭಾರೀ ಸಾರುವೆ, ಅಂದರೆ ಕೆಲಸಕ್ಕೆಂದು ಕಟ್ಟಿದ ಅಟ್ಟಣಿಗೆ, ಕಳಚಿ ಬಲೆಯ ಮೇಲೆ ಬಿತ್ತು. ಬಲೆಯನ್ನು ಹೊಸೆದದ್ದು ಮನುಷ್ಯರ ತೂಕಕ್ಕೆ, ಟನ್‌ಗಟ್ಟಲೆ ತೂಗುವ ಸಾರುವೆಗಲ್ಲ. ಅದು ಹರಿಯಿತು. ಹತ್ತು ಜನ ಸತ್ತರು. ಒಟ್ಟು 11. ಆದರೂ 35ಕ್ಕೆ ಹೋಲಿಸಿದರೆ 24 ಜನ ಸಂಜೆ ಮನೆಗೆ ಹೋದರು ಎಂದರ್ಥ.

ಬಲೆಯ ಒಂದು ಗುಣವನ್ನು ಗಮನಿಸಬೇಕು. ಬೀಳುವವನು ಯಾರು ಎಂದು ಅದು ಕೇಳುವುದಿಲ್ಲ. ಅವನು ಎಚ್ಚರದಲ್ಲಿದ್ದನೇ, ರಾತ್ರಿ ಕುಡಿದಿದ್ದನೇ, ಹೊಸಬನೇ, ಹಳಬನೇ ಎಂಬುದು ಬಲೆಗೆ ಬೇಕಿಲ್ಲ. ಎಲ್ಲಿಂದ ಬೀಳಬಹುದು ಎಂಬುದೊಂದೇ ಅದಕ್ಕೆ ಗೊತ್ತಿರಬೇಕು. ಕೆಲಸದ ಜಾಗದ ಅವಘಡಗಳನ್ನು ಅಂಕಿಗಳಿಂದ ಊಹಿಸಲು ಹೊರಟ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಈ ಎರಡು ಪ್ರಶ್ನೆಗಳ ಜಗಳವಾಗಿ ಓದಬಹುದು. ಯಾರು ಬೀಳುತ್ತಾರೆ? ಎಲ್ಲಿಂದ ಬೀಳುತ್ತಾರೆ? ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಅದೇ ಅಂಕಿಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಅದಕ್ಕೆ ತೆರಬೇಕಾದ ಬೆಲೆಯೂ ಬೇರೆ ಬೇರೆಯವರ ಮೇಲೆ ಬೀಳುತ್ತದೆ.

*

ಗೋಲ್ಡನ್ ಗೇಟಿಗೂ ಕಾಲು ಶತಮಾನ ಹಿಂದಕ್ಕೆ ಹೋಗೋಣ. 1907ರಲ್ಲಿ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಯುವತಿ ಪಿಟ್ಸ್‌ಬರ್ಗ್ ನಗರಕ್ಕೆ ಬಂದರು. ಆಗಷ್ಟೇ ಕಾನೂನು ಓದಿ ಮುಗಿಸಿದ್ದರು. ವಯಸ್ಸು 26. ಉಕ್ಕಿನ ಕಾರ್ಖಾನೆ, ರೈಲು, ಕಲ್ಲಿದ್ದಲ ಗಣಿಗಳ ಆ ಊರಿನ ಬದುಕನ್ನು ಅಧ್ಯಯನ ಮಾಡಲು ‘ಪಿಟ್ಸ್‌ಬರ್ಗ್ ಸರ್ವೆ’ ಎಂಬ ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. ಕೆಲಸದ ಅವಘಡಗಳ ಭಾಗ ಈಸ್ಟ್‌ಮನ್ ಪಾಲಿಗೆ ಬಂತು.

ಅವರು ಮಾಡಿದ್ದು ಸರಳ ಕೆಲಸ. ಆದರೆ ಅಲ್ಲಿಯವರೆಗೆ ಅದನ್ನು ಯಾರೂ ಮಾಡಿರಲಿಲ್ಲ. ಪಿಟ್ಸ್‌ಬರ್ಗ್ ಇರುವ ಅಲೆಗೇನಿ ಕೌಂಟಿಯಲ್ಲಿ 1906ರ ಜುಲೈ 1ರಿಂದ 1907ರ ಜೂನ್ 30ರವರೆಗೆ, ಒಂದು ವರ್ಷದಲ್ಲಿ, ಕೆಲಸ ಮಾಡುತ್ತಾ ಸತ್ತವರನ್ನೆಲ್ಲ ಎಣಿಸಿದರು. ಅನುಮಾನಾಸ್ಪದ ಸಾವುಗಳ ವಿಚಾರಣೆ ಮಾಡುವ ಕಚೇರಿಯ ದಾಖಲೆಗಳನ್ನು ತೆಗೆದರು. ಸತ್ತವರ ಮನೆಗಳಿಗೆ ಹೋಗಿ ವಿಚಾರಿಸಿದರು. ಒಟ್ಟು 526 ಜನ. ಉಕ್ಕಿನ ಕೆಲಸದವರು 195, ರೈಲಿನವರು 125, ಗಣಿಯವರು 71. ಉಳಿದವರಲ್ಲಿ ಬಡಗಿಗಳು, ಕಟ್ಟಡಕ್ಕೆ ಕಬ್ಬಿಣ ಜೋಡಿಸುವವರು, ವಿದ್ಯುತ್ ತಂತಿ ಎಳೆಯುವವರು, ಗಾಡಿ ಹೊಡೆಯುವವರು, ಕಲ್ಲು ಒಡೆಯುವವರು.

ಈ 526 ಸಾವುಗಳನ್ನು ಒಂದು ಕ್ಯಾಲೆಂಡರಿನ ಮೇಲೆ ಗುರುತು ಮಾಡಿ ಜನರ ಮುಂದಿಟ್ಟರು. ಸಾವು ಸಂಭವಿಸಿದ ದಿನದ ಚೌಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶಿಲುಬೆಯ ಗುರುತು. ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ಸುದ್ದಿಯಾಗಿ ಬಂದು ಹೋಗುತ್ತಿದ್ದ ಸಾವುಗಳು ಒಟ್ಟಿಗೆ ಕಾಣಿಸಿಕೊಂಡಾಗ, ಇದು ಹಣೆಬರಹವಲ್ಲ, ಏನೋ ಒಂದು ಪದೇ ಪದೇ ನಡೆಯುತ್ತಿದೆ ಎಂಬುದು ನೋಡಿದವರಿಗೆಲ್ಲ ತಿಳಿಯಿತು.

ಆ ಊರಿನ ಕಾರ್ಖಾನೆಗಳ ಮೇಲಧಿಕಾರಿಗಳಲ್ಲಿ ಒಂದು ನಂಬಿಕೆ ಇತ್ತು. ನೂರಕ್ಕೆ 95 ಅವಘಡಗಳು ಗಾಯಗೊಂಡವನ ಅಜಾಗರೂಕತೆಯಿಂದಲೇ ಆಗುತ್ತವೆ ಎಂದು ಅವರು ಹೇಳುತ್ತಿದ್ದರು. ಈಸ್ಟ್‌ಮನ್ ಆ ಮಾತನ್ನು ಒಂದೊಂದೇ ಪ್ರಕರಣದ ಎದುರಿಟ್ಟು ನೋಡಿದರು. ಅದು ನಿಲ್ಲಲಿಲ್ಲ. ಸಾಕಷ್ಟು ಸಾವುಗಳಲ್ಲಿ ಮಾಲೀಕರದ್ದೋ ಮೇಲ್ವಿಚಾರಕರದ್ದೋ ಪಾಲಿತ್ತು. ಅಜಾಗರೂಕತೆ ಎಂದು ಬರೆದಿದ್ದ ಕಡೆ ಕೂಡ ಅವರು ಮತ್ತೊಂದು ಪ್ರಶ್ನೆ ಕೇಳಿದರು. ಹನ್ನೆರಡು ಗಂಟೆ ಬಿಸಿಲು, ಬೆಂಕಿ, ಸದ್ದಿನ ನಡುವೆ ದುಡಿದವನು ಒಂದು ಗಳಿಗೆ ಮೈಮರೆತರೆ ಅದನ್ನು ಅಜಾಗರೂಕತೆ ಎನ್ನಬೇಕೇ, ಆಯಾಸ ಎನ್ನಬೇಕೇ? ಇನ್ನು ಪರಿಹಾರದ ಮಾತು. ಸತ್ತ ವಿವಾಹಿತರ ಕುಟುಂಬಗಳಲ್ಲಿ ಅರ್ಧಕ್ಕೂ ಹೆಚ್ಚು ಕುಟುಂಬಗಳಿಗೆ ಸಿಕ್ಕಿದ್ದು 100 ಡಾಲರ್ ಅಥವಾ ಅದಕ್ಕೂ ಕಡಿಮೆ. ಕೆಲವರಿಗೆ ಏನೂ ಇಲ್ಲ.

1910ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಬಂತು. ಮುಂದಿನ ಒಂದು ದಶಕದಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳು ಕಾರ್ಮಿಕರ ಪರಿಹಾರ ಕಾನೂನು ಮಾಡಿದವು. ಭಾರತದಲ್ಲಿ ಬ್ರಿಟಿಷ್ ಸರ್ಕಾರ 1923ರಲ್ಲಿ ಇಂಥದೇ ಕಾಯ್ದೆ ತಂದಿತು. ಇದರಿಂದ ಒಂದು ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ಕಾರ್ಮಿಕನ ಸಾವಿನ ಖರ್ಚನ್ನು ಅವನ ಹೆಂಡತಿ ಮಕ್ಕಳು ಹೊರುತ್ತಿದ್ದರು. ಈಗ ಅದು ಮಾಲೀಕನ ಲೆಕ್ಕಕ್ಕೆ ಬಂತು. ಮಾಲೀಕ ವಿಮೆ ಮಾಡಿಸಿದ. ವಿಮಾ ಕಂಪನಿಗೆ ಮುಂದಿನ ವರ್ಷ ಎಷ್ಟು ಅವಘಡ ಆಗಬಹುದು ಎಂದು ತಿಳಿಯುವ ಅಗತ್ಯ ಬಿತ್ತು. ಹಾಗೆ ಅವಘಡದ ಮುನ್ಸೂಚನೆ ಒಂದು ವ್ಯಾಪಾರವಾಯಿತು.

*

ವ್ಯಾಪಾರದ ಕಥೆಗೆ ಹೋಗುವ ಮೊದಲು ಗಣಿತದವರು ಏನು ಮಾಡುತ್ತಿದ್ದರು ಎಂದು ನೋಡಬೇಕು. 1898ರಲ್ಲಿ ಲಾಡಿಸ್ಲಾಸ್ ಬೋರ್ಟ್‌ಕಿವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ಪುಟ್ಟ ಪುಸ್ತಕ ಪ್ರಕಟಿಸಿದರು. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಇಪ್ಪತ್ತು ವರ್ಷಗಳ ಲೆಕ್ಕ ಅದರಲ್ಲಿದೆ. ಹತ್ತು ದಳಗಳನ್ನು ಇಪ್ಪತ್ತು ವರ್ಷ ನೋಡಿದರೆ ಒಟ್ಟು 200 ಸಾಲು ಸಿಗುತ್ತವೆ. ಅವುಗಳಲ್ಲಿ 109 ಸಾಲುಗಳಲ್ಲಿ ಒಂದೂ ಸಾವಿಲ್ಲ. 65ರಲ್ಲಿ ಒಂದೊಂದು, 22ರಲ್ಲಿ ಎರಡೆರಡು, 3ರಲ್ಲಿ ಮೂರು ಮೂರು. ಒಂದೇ ಒಂದು ಸಾಲಿನಲ್ಲಿ ನಾಲ್ಕು.

ನಾಲ್ಕು ಜನ ಸತ್ತ ಆ ದಳದ ಅಧಿಕಾರಿಯನ್ನು ಕರೆದು ವಿಚಾರಿಸಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೋರ್ಟ್‌ಕಿವಿಚ್ ತೋರಿಸಿದ್ದು ಬೇರೆ. ಎಲ್ಲ ದಳಗಳಲ್ಲೂ ಅಪಾಯ ಒಂದೇ ಸಮ ಇದ್ದು, ಬರೀ ಆಕಸ್ಮಿಕವೇ ಕೆಲಸ ಮಾಡಿದ್ದರೆ ಎಷ್ಟು ಸಾಲುಗಳಲ್ಲಿ ಎಷ್ಟು ಸಾವು ಬರಬೇಕು ಎಂದು ಹೇಳುವ ಒಂದು ಸೂತ್ರವಿದೆ. ಫ್ರಾನ್ಸಿನ ಗಣಿತಜ್ಞ ಪಾಯ್ಸಾನ್ ಹೆಸರಿನದು. ಅದರ ಪ್ರಕಾರ ಸಾವಿಲ್ಲದ ಸಾಲುಗಳು 109, ಒಂದು ಸಾವಿನವು 66, ಎರಡರವು 20, ಮೂರರವು 4. ನಿಜವಾಗಿ ನಡೆದದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಒಂದು ಕಡೆ ನಾಲ್ಕು ಸಾವು ಕಂಡ ಮಾತ್ರಕ್ಕೆ ಅಲ್ಲಿ ಯಾರದೋ ತಪ್ಪಿದೆ ಎನ್ನುವಂತಿಲ್ಲ. ಹಾಗೆಯೇ ಒಂದು ವರ್ಷ ಸಾವಿಲ್ಲದ ಮಾತ್ರಕ್ಕೆ ಆ ಜಾಗ ಸುರಕ್ಷಿತ ಎನ್ನುವಂತೆಯೂ ಇಲ್ಲ. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೊದಲ ಮಹಾಯುದ್ಧದ ಕಾಲಕ್ಕೆ ಇದೇ ವಿಧಾನ ಕಾರ್ಖಾನೆಯ ಒಳಗೆ ಬಂತು. ಬ್ರಿಟನ್ನಿನ ಮೇಜರ್ ಗ್ರೀನ್‌ವುಡ್ ಮತ್ತು ಹಿಲ್ಡಾ ವುಡ್ಸ್ 1919ರಲ್ಲಿ ಮದ್ದುಗುಂಡು ಕಾರ್ಖಾನೆಯ ಹೆಂಗಸರ ಅವಘಡಗಳ ಬಗ್ಗೆ ಒಂದು ವರದಿ ಬರೆದರು. (ಮೇಜರ್ ಎಂಬುದು ಅವರ ಹೆಸರು, ಹುದ್ದೆಯಲ್ಲ.) ಫಿರಂಗಿ ಗುಂಡುಗಳ ಕೆಲಸದಲ್ಲಿದ್ದ 647 ಹೆಂಗಸರನ್ನು ಐದು ವಾರ ಗಮನಿಸಿದಾಗ 447 ಜನರಿಗೆ ಏನೂ ಆಗಿರಲಿಲ್ಲ. 132 ಜನರಿಗೆ ಒಂದು ಅವಘಡ, 42 ಜನರಿಗೆ ಎರಡು. ಮೂರು ಅಥವಾ ಅದಕ್ಕಿಂತ ಹೆಚ್ಚು ಅವಘಡ ಕಂಡವರು 26. ಬರೀ ಆಕಸ್ಮಿಕವಾಗಿದ್ದರೆ ಈ ಕೊನೆಯ ಗುಂಪಿನಲ್ಲಿ ಸುಮಾರು 8 ಜನ ಇರಬೇಕಿತ್ತು. ಅಂದರೆ ಇಲ್ಲಿ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಇಷ್ಟು ಮಾತನ್ನು ಅಂಕಿಗಳೇ ಹೇಳಿದವು. ಮುಂದಿನದನ್ನು ಮನುಷ್ಯರು ಸೇರಿಸಿದರು. ಕೆಲವರ ಸ್ವಭಾವದಲ್ಲೇ ಅವಘಡ ಇದೆ ಎಂಬ ತೀರ್ಮಾನ ಬೇರೂರಿತು. 1926ರಲ್ಲಿ ಫಾರ್ಮರ್ ಮತ್ತು ಚೇಂಬರ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಅದಕ್ಕೊಂದು ಹೆಸರನ್ನೂ ಕೊಟ್ಟರು. ಕನ್ನಡದಲ್ಲಿ ಅದನ್ನು ಅವಘಡಶೀಲತೆ ಎನ್ನಬಹುದು. ಅಂಥವರನ್ನು ಪರೀಕ್ಷೆ ಮಾಡಿ ಹುಡುಕಿ ಕೆಲಸದಿಂದ ದೂರವಿಟ್ಟರೆ ಅವಘಡ ಇಳಿಯುತ್ತದೆ ಎಂಬ ಭರವಸೆ ಹಲವು ದಶಕ ನಡೆಯಿತು. ಆದರೆ ಅದೇ ಅಂಕಿಗಳಿಗೆ ಇನ್ನೊಂದು ವಿವರಣೆಯೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಆ 26 ಜನರ ಯಂತ್ರ ಕೆಟ್ಟದ್ದಾಗಿರಬಹುದು, ಅವರು ನಿಲ್ಲುವ ನೆಲ ಜಾರುತ್ತಿರಬಹುದು, ಕಷ್ಟದ ಕೆಲಸ ಅವರ ಪಾಲಿಗೇ ಬಂದಿರಬಹುದು. 1951ರಲ್ಲಿ ಆರ್ಬಸ್ ಮತ್ತು ಕೆರಿಕ್ ಈ ಅಧ್ಯಯನಗಳನ್ನೆಲ್ಲ ಮತ್ತೆ ತೂಗಿ ನೋಡಿ, ಅವಘಡಶೀಲತೆ ಎಂಬ ಕಲ್ಪನೆಗೆ ಹೊರಿಸಿದ್ದಷ್ಟು ಭಾರವನ್ನು ಅಂಕಿಗಳು ಹೊರಲಾರವು ಎಂದು ತೋರಿಸಿದರು. ಅಷ್ಟರಲ್ಲಿ ಎಷ್ಟು ಜನ ‘ಅವನಿಗೆ ಕೈ ಸರಿಯಿಲ್ಲ’ ಎಂಬ ಹಣೆಪಟ್ಟಿ ಹೊತ್ತು ಮನೆಗೆ ಹೋಗಿದ್ದರೋ.

*

ಈಗ ವ್ಯಾಪಾರದ ಕಥೆ. ಹರ್ಬರ್ಟ್ ವಿಲಿಯಂ ಹೈನ್ರಿಚ್ ಅಮೆರಿಕದ ಒಂದು ದೊಡ್ಡ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅವರ ಮೇಜಿನ ಮೇಲೆ ಸಾವಿರಗಟ್ಟಲೆ ಪರಿಹಾರದ ಕಡತಗಳು ಹಾದುಹೋಗುತ್ತಿದ್ದವು. 1931ರಲ್ಲಿ ಅವರು ಬರೆದ ಕೈಗಾರಿಕಾ ಅವಘಡ ತಡೆಯ ಪುಸ್ತಕ ಮುಂದಿನ ಐವತ್ತು ವರ್ಷ ಸುರಕ್ಷತಾ ಅಧಿಕಾರಿಗಳ ಪಾಠವಾಯಿತು. ಇವತ್ತಿಗೂ ಸುರಕ್ಷತೆಯ ತರಗತಿಗಳಲ್ಲಿ ಅವರ ತ್ರಿಕೋನದ ಚಿತ್ರ ಕಾಣುತ್ತದೆ. ಒಂದು ದೊಡ್ಡ ಅವಘಡದ ಕೆಳಗೆ 29 ಸಣ್ಣ ಗಾಯಗಳು, ಅದರ ಕೆಳಗೆ ಯಾರಿಗೂ ಗಾಯವಾಗದ 300 ಘಟನೆಗಳು.

ಈ ತ್ರಿಕೋನದಲ್ಲಿ ಒಂದು ಒಳ್ಳೆಯ ಬುದ್ಧಿ ಇದೆ. ಕೂದಲೆಳೆಯಲ್ಲಿ ತಪ್ಪಿಹೋದ ಘಟನೆಯೂ ಮಾಹಿತಿಯೇ ಎಂದು ಅದು ಕಲಿಸಿತು. ಮೇಲಿನಿಂದ ಬಿದ್ದ ಇಟ್ಟಿಗೆ ಯಾರ ತಲೆಗೂ ತಗಲದಿದ್ದರೆ ನಾವು ದೇವರು ದೊಡ್ಡವನು ಎಂದು ಮುಂದೆ ಹೋಗುತ್ತೇವೆ. ಅದನ್ನು ಬರೆದಿಡಿ ಎಂದರು ಹೈನ್ರಿಚ್. ಸಾವಿಗಾಗಿ ಕಾಯದೆ ಅಪಾಯವನ್ನು ಊಹಿಸುವ ದಾರಿ ಇಲ್ಲಿಂದ ತೆರೆಯಿತು.

ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಿಯೂ ಇತ್ತು. 75,000 ಪ್ರಕರಣಗಳನ್ನು ನೋಡಿ ಅವರು ಹೇಳಿದ್ದು: ನೂರಕ್ಕೆ 88 ಅವಘಡಗಳಿಗೆ ಕಾರ್ಮಿಕರ ಅಸುರಕ್ಷಿತ ವರ್ತನೆ ಕಾರಣ, 10ಕ್ಕೆ ಅಸುರಕ್ಷಿತ ಪರಿಸ್ಥಿತಿ ಕಾರಣ, 2 ತಪ್ಪಿಸಲಾಗದವು. ಪಿಟ್ಸ್‌ಬರ್ಗ್‌ನ ಅಧಿಕಾರಿಗಳು ಬಾಯಿಮಾತಿಗೆ ಹೇಳುತ್ತಿದ್ದ 95, ಇಪ್ಪತ್ತು ವರ್ಷಗಳ ನಂತರ 88 ಆಗಿ, ವಿಜ್ಞಾನದ ಅಂಗಿ ತೊಟ್ಟು ವಾಪಸ್ ಬಂದಿತ್ತು. ಆ ಕಡತಗಳಲ್ಲಿ ಕಾರಣ ಎಂಬ ಕಲಮನ್ನು ತುಂಬಿದವರು ಯಾರು? ಬಹುಪಾಲು ಕಂಪನಿಗಳ ಮೇಲ್ವಿಚಾರಕರು. ಸಾರುವೆಗೆ ಕೈಪಿಡಿ ಕಟ್ಟಿಸದ ಮೇಲ್ವಿಚಾರಕ ಕಾರಣದ ಮುಂದೆ ಏನೆಂದು ಬರೆದಾನು? ನಾನು ಕಟ್ಟಿಸಲಿಲ್ಲ ಎಂದೇ, ಅವನು ನೋಡಿಕೊಂಡು ನಡೆಯಲಿಲ್ಲ ಎಂದೇ? ಆ ಮೂಲ ಕಡತಗಳು ಉಳಿದಿಲ್ಲ. ಹಾಗಾಗಿ ಮತ್ತೆ ತೆಗೆದು ನೋಡುವ ದಾರಿಯೂ ಇಲ್ಲ. ಅಂಕಿ ಮಾತ್ರ ಉಳಿಯಿತು.

ದತ್ತಾಂಶದಿಂದ ಭವಿಷ್ಯ ಹೇಳುವವರು ಎದುರಿಸಬೇಕಾದ ಮೊದಲ ತೊಡಕು ಇದು. ಯಂತ್ರ ಕಲಿಯುವುದು ನಡೆದದ್ದರಿಂದಲ್ಲ, ನಡೆದದ್ದರ ಬಗ್ಗೆ ಬರೆದದ್ದರಿಂದ. ಬರೆಯುವವನ ಹಿತ ಅದರೊಳಗೆ ಕೂತಿರುತ್ತದೆ.

*

ಎರಡನೆಯ ತೊಡಕು ಇನ್ನೂ ಕಠಿಣ. ಮುನ್ಸೂಚನೆ ಸರಿಯಾಗಿದ್ದರೆ ಸಾಕೇ?

ಕೆನಡಾದ ಕ್ವಿಬೆಕ್ ಬಳಿ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಸೇತುವೆ ಏಳುತ್ತಿದ್ದ ಕಾಲ. 1907, ಈಸ್ಟ್‌ಮನ್ ಪಿಟ್ಸ್‌ಬರ್ಗ್‌ಗೆ ಬಂದ ವರ್ಷವೇ. ವಿನ್ಯಾಸದ ಮೇಲೆ ಕೊನೆಯ ಮಾತು ಥಿಯೋಡರ್ ಕೂಪರ್ ಎಂಬ ಹೆಸರಾಂತ ಎಂಜಿನಿಯರರದ್ದು. ಅವರಿದ್ದದ್ದು ದೂರದ ನ್ಯೂಯಾರ್ಕ್‌ನಲ್ಲಿ. ಕೆಲಸದ ಜಾಗದಲ್ಲಿ ಅವರ ಪರವಾಗಿ ನಾರ್ಮನ್ ಮೆಕ್‌ಲೂರ್ ಎಂಬ ತರುಣನಿದ್ದ. ಸೇತುವೆಯ ನಡುವಿನ ಅಂತರವನ್ನು 1,600 ಅಡಿಯಿಂದ 1,800ಕ್ಕೆ ಹೆಚ್ಚಿಸಿದ್ದರೂ ಅದರ ಸ್ವಂತ ತೂಕದ ಲೆಕ್ಕವನ್ನು ಸರಿಯಾಗಿ ಮತ್ತೆ ಮಾಡಿರಲಿಲ್ಲ. ಆಗಸ್ಟಿನಲ್ಲಿ ಕೆಳಗಿನ ಭಾರಿ ತೊಲೆಗಳು ಬಾಗತೊಡಗಿದವು. ಮೆಕ್‌ಲೂರ್ ಅಳತೆ ತೆಗೆದ. ಒಂದು ತೊಲೆಯ ಬಾಗು ಒಂದು ವಾರದ ಸುಮಾರಿಗೆ ಮುಕ್ಕಾಲು ಇಂಚಿನಿಂದ ಎರಡು ಇಂಚು ದಾಟಿತ್ತು.

ಇದಕ್ಕಿಂತ ಸ್ಪಷ್ಟವಾದ ಮುನ್ಸೂಚನೆ ಬೇರೆ ಬೇಕಿಲ್ಲ. ಮೆಕ್‌ಲೂರ್ ಅಂಕಿಗಳನ್ನು ಹಿಡಿದು ರೈಲಿನಲ್ಲಿ ನ್ಯೂಯಾರ್ಕ್‌ಗೆ ಹೋದ. ಆಗಸ್ಟ್ 29ರ ಬೆಳಿಗ್ಗೆ ಕೂಪರ್ ಅವನ್ನು ನೋಡಿದರು, ಅಪಾಯ ತಿಳಿಯಿತು. ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಎಂಬ ಅರ್ಥದ ತಂತಿ ಕಳಿಸಿದರು. ತಂತಿ ಹೋದದ್ದು ಪೆನ್ಸಿಲ್ವೇನಿಯಾದಲ್ಲಿದ್ದ ಉಕ್ಕಿನ ಕಂಪನಿಯ ಕಚೇರಿಗೆ, ಕ್ವಿಬೆಕ್‌ಗಲ್ಲ. ಸೇತುವೆಯ ಮೇಲೆ ಆ ದಿನವೂ ಕೆಲಸ ನಡೆದಿತ್ತು. ಸಂಜೆ ಐದೂವರೆ ದಾಟಿತ್ತು, ಕೆಲಸ ಬಿಡುವ ಹೊತ್ತು. ಸೇತುವೆ ನದಿಗೆ ಕುಸಿಯಿತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅವರಲ್ಲಿ 33 ಜನ ಕಾನವಾಗೆ ಎಂಬ ಊರಿನ ಮೋಹಾಕ್ ಬುಡಕಟ್ಟಿನವರು. ಒಂದೇ ಸಂಜೆ ಒಂದೇ ಊರಿನ ಅಷ್ಟು ಗಂಡಸರು.

ಅಲ್ಲಿ ಅಳತೆ ಇತ್ತು, ಅಳತೆಯ ಅರ್ಥ ಗೊತ್ತಿದ್ದವರಿದ್ದರು. ಇಲ್ಲದ್ದು ಒಂದೇ. ಸೇತುವೆಯ ಮೇಲಿದ್ದವರಿಗೆ ‘ಇವತ್ತು ಹತ್ತುವುದಿಲ್ಲ’ ಎನ್ನುವ ಅಧಿಕಾರ. ಬಾಗಿದ ತೊಲೆ ಅವರ ಕಣ್ಣೆದುರಿಗೇ ಇತ್ತು. ಅದರ ಮೇಲೆ ತೀರ್ಮಾನ ಮಾತ್ರ ನೂರಾರು ಮೈಲಿ ಆಚೆ.

*

ಈಗ ನಮ್ಮ ಕಾಲಕ್ಕೆ ಬರೋಣ. 1970ರಲ್ಲಿ ಅಮೆರಿಕ ಕೆಲಸದ ಸುರಕ್ಷತೆಗೆ ರಾಷ್ಟ್ರಮಟ್ಟದ ಕಾನೂನು ಮಾಡಿತು. ಗಾಯಗಳ ದಾಖಲೆ ಕಡ್ಡಾಯವಾಯಿತು. ದಶಕಗಳ ದಾಖಲೆ ಸೇರಿದ ಮೇಲೆ ಕಂಪ್ಯೂಟರ್ ಬಂತು. ಈ ಶತಮಾನದ ಎರಡನೇ ದಶಕದಲ್ಲಿ ಕಟ್ಟಡದ ಕೆಲಸದಲ್ಲಿ ಮುನ್ಸೂಚನೆಯ ಪ್ರಯೋಗಗಳು ಗಟ್ಟಿಯಾದವು. ಅವುಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ.

ಒಂದು ಕೊಲರಾಡೋ ವಿಶ್ವವಿದ್ಯಾಲಯದ್ದು. ಆಂಟ್ವಾನ್ ಟಿಕ್ಸಿಯೇ, ಮ್ಯಾಥ್ಯೂ ಹ್ಯಾಲೊವೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ. ಸಾವಿರಾರು ಗಾಯದ ವರದಿಗಳನ್ನು ಯಂತ್ರ ಓದಿತು. ಓದಿ ಅವುಗಳಿಂದ ಸುಮಾರು 80 ಲಕ್ಷಣಗಳನ್ನು ಹೆಕ್ಕಿತು. ಏಣಿ, ಸುತ್ತಿಗೆ, ತಗ್ಗುದಿಣ್ಣೆಯ ನೆಲ, ಗಾಳಿ, ಭಾರದ ಸಾಮಾನು, ಇಂಥವು. ಈ ಲಕ್ಷಣಗಳು ಒಟ್ಟಿಗೆ ಸೇರಿದಾಗ ಯಾವ ಬಗೆಯ ಗಾಯ, ದೇಹದ ಯಾವ ಭಾಗಕ್ಕೆ ಆಗಬಹುದು ಎಂದು ಯಂತ್ರ ಸಾಕಷ್ಟು ಸರಿಯಾಗಿ ಹೇಳಿತು. ಗಾಯ ಎಷ್ಟು ಗಂಭೀರವಾಗುತ್ತದೆ ಎಂಬುದು ಆ ಮೊದಲ ಪ್ರಯತ್ನದಲ್ಲಿ ಹಿಡಿತಕ್ಕೆ ಸಿಗಲಿಲ್ಲ. ಪಟ್ಟಿಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ನನಗೆ ಮುಖ್ಯವೆನಿಸುತ್ತದೆ. ಅಲ್ಲಿ ಕೆಲಸಗಾರನ ಹೆಸರಿಲ್ಲ, ಊರಿಲ್ಲ, ಸ್ವಭಾವವಿಲ್ಲ. ಇರುವುದು ಬಹುಮಟ್ಟಿಗೆ ಜಾಗ, ಸಾಮಾನು, ಹವೆ. ಬೆಳಿಗ್ಗೆ ಕೆಲಸ ಹಂಚುವಾಗಲೇ ಮೇಸ್ತ್ರಿಗೆ ಕಾಣುವ ಸಂಗತಿಗಳು. ಗೋಲ್ಡನ್ ಗೇಟಿನ ಬಲೆ ಕೇಳಿದ ಪ್ರಶ್ನೆಯನ್ನೇ ಇದೂ ಕೇಳುತ್ತದೆ.

ಇನ್ನೊಂದು ಪ್ರಯೋಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ತಂತ್ರಾಂಶ ಕಂಪನಿಯ ಜೊತೆ ಸೇರಿ ಮಾಡಿದ್ದು. ಗಾಯಗಳ ದಾಖಲೆಗಿಂತ ಹೆಚ್ಚಾಗಿ ಅವರು ಸುರಕ್ಷತಾ ತಪಾಸಣೆಯ ವರದಿಗಳನ್ನು ನೋಡಿದರು. ಕೋಟಿಗಟ್ಟಲೆ ಟಿಪ್ಪಣಿಗಳು. ತಪಾಸಣೆ ಹೆಚ್ಚಿದ್ದಲ್ಲಿ ಅವಘಡ ಕಡಿಮೆ, ಬೇರೆ ಬೇರೆ ಜನ ತಪಾಸಣೆ ಮಾಡಿದಲ್ಲಿ ಇನ್ನೂ ಕಡಿಮೆ ಎಂದು ಕಂಡುಬಂತು. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದ ಒಂದು ಸಂಗತಿಯೂ ಸಿಕ್ಕಿತು. ‘ಎಲ್ಲವೂ ನೂರಕ್ಕೆ ನೂರು ಸುರಕ್ಷಿತ’ ಎಂಬ ವರದಿಗಳು ಸಾಲುಸಾಲಾಗಿ ಬರುವ ಸೈಟುಗಳಲ್ಲಿ ಅವಘಡದ ಸಾಧ್ಯತೆ ಹೆಚ್ಚು. ತಪ್ಪೇ ಇಲ್ಲದ ಕಾಗದ ಅಪಾಯದ ಗುರುತು. ಏಕೆಂದರೆ ಕಟ್ಟಡದ ಸೈಟಿನಲ್ಲಿ ಏನೂ ತಪ್ಪು ಕಾಣಲಿಲ್ಲ ಎಂದರೆ, ನೋಡಲಿಲ್ಲ ಎಂದೋ, ನೋಡಿದ್ದನ್ನು ಬರೆಯುವಂತಿಲ್ಲ ಎಂದೋ ಅರ್ಥ.

ಕಾರ್ನೆಗಿ ಮೆಲನ್ ಇರುವುದು ಪಿಟ್ಸ್‌ಬರ್ಗ್‌ನಲ್ಲಿ. ಅದಕ್ಕೆ ಅಡಿಪಾಯ ಹಾಕಿದ್ದು ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಹಣ. ಈಸ್ಟ್‌ಮನ್ 526 ಶಿಲುಬೆಗಳನ್ನು ಗುರುತು ಮಾಡಿದ ಕೌಂಟಿಯಲ್ಲೇ, ನೂರು ವರ್ಷಗಳ ನಂತರ, ಖಾಲಿ ಚೌಕವನ್ನೂ ಅನುಮಾನದಿಂದ ನೋಡಬೇಕು ಎಂದು ಯಂತ್ರ ಹೇಳಿತು.

*

ಇದೆಲ್ಲ ಅಮೆರಿಕದ ಕಥೆ ಎಂದು ಬಿಡುವಂತಿಲ್ಲ. ಬೆಂಗಳೂರಿನ ದೊಡ್ಡ ಸೈಟುಗಳಲ್ಲೂ ಈಗ ಕ್ಯಾಮೆರಾ ಇದೆ, ಮೊಬೈಲಿನಲ್ಲಿ ತಪಾಸಣೆಯ ಪಟ್ಟಿ ಇದೆ. ಹೆಲ್ಮೆಟ್ ಹಾಕದವರನ್ನು ತಾನಾಗಿಯೇ ಗುರುತು ಹಿಡಿಯುವ ತಂತ್ರಾಂಶವೂ ಮಾರುಕಟ್ಟೆಗೆ ಬಂದಿದೆ. ಇಲ್ಲಿ ಮತ್ತೆ ಅದೇ ಎರಡು ಪ್ರಶ್ನೆ. ಹೆಲ್ಮೆಟ್ ಹಾಕದವನ ಮುಖವನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಎಂಟನೇ ಅಂತಸ್ತಿನ ಅಂಚಿಗೆ ಕಟ್ಟೆ ಕಟ್ಟಿಲ್ಲ ಎಂಬುದನ್ನೂ ಅದು ಹಿಡಿಯಬಲ್ಲದು. ಎರಡರಲ್ಲಿ ಯಾವುದನ್ನು ಹುಡುಕು ಎಂದು ಅದಕ್ಕೆ ಹೇಳಿಕೊಡುವವರು ನಾವು. ಮೊದಲನೆಯದಕ್ಕೆ ಕೂಲಿಯಲ್ಲಿ ಮುರಿದುಕೊಂಡರೆ ಮುಗಿಯಿತು. ಎರಡನೆಯದಕ್ಕೆ ಗುತ್ತಿಗೆದಾರ ಖರ್ಚು ಮಾಡಬೇಕು.

ದಾಖಲೆಯ ಮಾತು ಬಂದರೆ ನಮ್ಮ ಕಷ್ಟ ಇನ್ನೂ ಹಿಂದಿನದು. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯ 39ನೇ ಕಲಮು, ಸಾವು ಸಂಭವಿಸಿದರೆ ಅಥವಾ ಗಾಯಗೊಂಡವನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಅಧಿಕಾರಿಗಳಿಗೆ ತಿಳಿಸಬೇಕು ಎಂದಿತ್ತು. 500 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುವ ಸುರಕ್ಷತಾ ಸಮಿತಿ ಬೇಕೆಂದಿತ್ತು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗ ಆ ಕಾಯ್ದೆಯ ಕಣ್ಣಿಗೇ ಬೀಳುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾಗಿದೆ. ಸೈಟಿನ ಏರ್ಪಾಡು ಬದಲಾಗಿಲ್ಲ. ಬಿಲ್ಡರ್ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೆಳಗೆ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದ ಗಂಡ ಹೆಂಡತಿ.

ಸೆಂಟ್ರಿಂಗ್ ಬಿಚ್ಚುವಾಗ ಹಲಗೆ ಜಾರಿ ಒಬ್ಬನ ಕಾಲು ಮುರಿಯಿತು ಎಂದುಕೊಳ್ಳಿ. ಅವನ ಹೆಸರು ಮೇಸ್ತ್ರಿಯ ಪುಟ್ಟ ಪುಸ್ತಕದಲ್ಲಿ ಮಾತ್ರ ಇದೆ. ಮೇಸ್ತ್ರಿ ಆಸ್ಪತ್ರೆಗೆ ಕರೆದೊಯ್ದು, ಕೈಗೆ ಒಂದಷ್ಟು ದುಡ್ಡು ಕೊಟ್ಟು ಊರ ಬಸ್ಸು ಹತ್ತಿಸುತ್ತಾನೆ. ಮರುದಿನ ಅದೇ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. 48 ಗಂಟೆ ಎಣಿಸುವವರು ಯಾರು? ಸೈಟಿನ ದಾಖಲೆಯಲ್ಲಿ ಆ ದಿನ ಖಾಲಿ. ನಾಳೆ ಆ ದಾಖಲೆಯನ್ನು ಓದಿದ ಯಂತ್ರ ಅಲ್ಲಿ ಅಪಾಯ ಕಡಿಮೆ ಎಂದೇ ಹೇಳುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕೊಟ್ಟ ಸುಳ್ಳನ್ನು ಹೇಳುತ್ತಿದೆ.

ಹಾಗಂತ ಈ ವಿದ್ಯೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹತ್ತು ಲಕ್ಷ ಡಾಲರಿಗೆ ಒಂದು ಸಾವು ಎಂಬ ಲೆಕ್ಕ ಇದ್ದದ್ದರಿಂದಲೇ 35 ಎಂಬ ಸಂಖ್ಯೆ ಮೊದಲೇ ಗೊತ್ತಾಯಿತು, ಅದನ್ನು ಸುಳ್ಳು ಮಾಡುವ ಹಟ ಒಬ್ಬರಿಗೆ ಬಂತು. ಸಾವನ್ನು ಊಹಿಸುವ ಲೆಕ್ಕ ಸಾರ್ಥಕವಾಗುವುದು ಅದು ಸುಳ್ಳಾದಾಗ. ಅದಕ್ಕೆ ಮೂರು ಸಂಗತಿ ಕೂಡಿಬರಬೇಕು ಎಂದು ಈ ಇತಿಹಾಸ ಹೇಳುತ್ತದೆ. ಬಿದ್ದವರೆಲ್ಲರೂ ಲೆಕ್ಕಕ್ಕೆ ಸಿಗಬೇಕು. ಲೆಕ್ಕ ಮನುಷ್ಯನ ಗುಣ ಹುಡುಕದೆ ಜಾಗದ ದೋಷ ಹುಡುಕಬೇಕು. ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಹಕ್ಕು ಸಾರುವೆಯ ಮೇಲಿರುವವರ ಕೈಯಲ್ಲಿರಬೇಕು. ಮೊದಲ ಎರಡಕ್ಕೆ ಕಂಪ್ಯೂಟರ್ ನೆರವಾದೀತು. ಮೂರನೆಯದನ್ನು ಯಾವ ಕಂಪ್ಯೂಟರೂ ಕೊಡಲಾರದು.

ದೊಡ್ಡ ಸೈಟುಗಳ ಗೇಟಿನ ಬಳಿ ಹಸಿರು ಬಣ್ಣದ ಒಂದು ಬೋರ್ಡು ಇರುತ್ತದೆ. ಅವಘಡವಿಲ್ಲದೆ ಇಷ್ಟು ದಿನ ಎಂದು ಅದರ ಮೇಲೆ ಬರೆದಿರುತ್ತಾರೆ, ದಿನಕ್ಕೊಂದರಂತೆ ಸಂಖ್ಯೆ ಏರುತ್ತಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಇರಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ: ಅಪಾಯ ಕಂಡು ಕೆಲಸಗಾರರೇ ಕೆಲಸ ನಿಲ್ಲಿಸಿದ್ದು ಈ ತಿಂಗಳು ಎಷ್ಟು ಸಲ? ಆ ಸಾಲಿನ ಮುಂದೆ ಸೊನ್ನೆ ಇದ್ದರೆ, ಮೇಲಿನ ಸಾಲಿನಲ್ಲಿ ಎಷ್ಟೇ ದೊಡ್ಡ ಸಂಖ್ಯೆ ಇದ್ದರೂ ಆ ಗೇಟಿನ ಒಳಗೆ ಹೋಗುವವರ ಬಗ್ಗೆ ನನಗೆ ಭಯವಾಗುತ್ತದೆ.